ಇಂಟರ್‌ಕೂಲರ್ ಕೆಳಗೊಂದು ತಗಡು: ನನ್ನ ಅನುಭವ

ಸುಬಾರು ಡಬ್ಲ್ಯೂಆರ್‌ಎಕ್ಸ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದೇ ಇಂಟರ್‌ಕೂಲರ್, ಅಂದರೆ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಕಳಿಸಿದ ಬಿಸಿಗಾಳಿಯನ್ನು ತಣಿಸುವ ಭಾಗ. ಎಂಜಿನ್ನಿನ ನೆತ್ತಿಯ ಮೇಲೆ ಅಗಲವಾಗಿ ಮಲಗಿರುತ್ತದೆ. ಬಾನೆಟ್ಟಿನ ಮೂಗಿನಿಂದ (ಮೇಲೆದ್ದ ಗಾಳಿಕಂಡಿಯಿಂದ) ಬಂದ ಗಾಳಿ ನೇರವಾಗಿ ಅದರ ಮೇಲೆ ಬೀಳುತ್ತದೆ. ಸಿಲಿಂಡರುಗಳು ಎರಡೂ ಪಕ್ಕ ಮಲಗಿರುವ ಈ ಬಾಕ್ಸರ್ ಎಂಜಿನ್ ಚಪ್ಪಟೆ, ಹಾಗಾಗಿ ಮೇಲೆ ಜಾಗ ಸಿಗುತ್ತದೆ. ಟರ್ಬೋದಿಂದ ಥ್ರಾಟಲ್‌ವರೆಗಿನ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನವರೆಗಿನ) ದಾರಿಯೂ ಗಿಡ್ಡ, ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಬೇಗ ಓಗೊಡುತ್ತದೆ. ಲೆಕ್ಕವೇನೋ ಸರಿ. ಆದರೆ ಟರ್ಬೋ ಕೂತಿರುವುದು ಅದೇ ಇಂಟರ್‌ಕೂಲರಿನ ಬಲಮೂಲೆಯ ಕೆಳಗೆ. ಬಚ್ಚಲೊಲೆಯ ಮೇಲೆ ಹಾಲಿನ ಪಾತ್ರೆ ಇಟ್ಟು, ಆರಲಿ ಅಂತ ಕಾದ ಹಾಗೆ. ಆ ಬಿಸಿಗೆ ಅಡ್ಡವಾಗಿ ನಾನೇ ಒಂದು ತಗಡು ಮಾಡಿ ಕೂರಿಸಿದ ಕತೆ ಇದು.

ನನ್ನದು 2006ರ ಮಾಡೆಲ್. 2.5 ಲೀಟರ್ ಎಂಜಿನ್, 169 ಕಿಲೋವ್ಯಾಟ್. ಮೆಲ್ಬರ್ನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಹಿಂದಿನ ಮಾಲೀಕ ದಪ್ಪನೆಯ ಡೌನ್‌ಪೈಪ್ (ಟರ್ಬೋದಿಂದ ಹೊಗೆ ಹೊರಗೊಯ್ಯುವ ಪೈಪು) ಹಾಕಿಸಿದ್ದ. ಆ ಗಡಿಬಿಡಿಯಲ್ಲಿ ಟರ್ಬೋ ಮೇಲಿದ್ದ ಕಂಪನಿಯ ತಗಡು ಎಲ್ಲೋ ಹೋಗಿತ್ತು. ಚಳಿಗಾಲದಲ್ಲಿ ಇದೇನೂ ಗೊತ್ತಾಗುವುದಿಲ್ಲ. ಜನವರಿಯ (ಅಲ್ಲಿ ಅದು ಬೇಸಿಗೆ) ಬಿಸಿಲಲ್ಲಿ ವೆಸ್ಟ್ ಗೇಟ್ ಸೇತುವೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಹೊರಟರೆ ಮಾತ್ರ ಕಾರು ಎಮ್ಮೆಯಾಗಿಬಿಡುತ್ತಿತ್ತು. ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಸರಿ.

ಕಾರಣ ಸರಳ. ಟರ್ಬೋ ಗಾಳಿಯನ್ನು ಒತ್ತಿದಾಗ ಗಾಳಿ ಕಾಯುತ್ತದೆ. ಹೊರಗೆ 30 ಡಿಗ್ರಿ ಇದ್ದು, ಒತ್ತಡ ಎರಡರಷ್ಟಾದರೆ, ಟರ್ಬೋದ ಕಂಪ್ರೆಸರಿನಿಂದ ಹೊರಡುವ ಗಾಳಿ 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅದನ್ನು ತಣಿಸುವುದು ಇಂಟರ್‌ಕೂಲರಿನ ಕೆಲಸ. ಒಂದೇ ಒತ್ತಡದಲ್ಲಿ 40 ಡಿಗ್ರಿಯ ಗಾಳಿ 60 ಆದರೆ ಅದರ ಸಾಂದ್ರತೆ ಸುಮಾರು ಶೇಕಡ 6ರಷ್ಟು ಇಳಿಯುತ್ತದೆ. ಸಾಲದ್ದಕ್ಕೆ, ಬಿಸಿಗಾಳಿಯಿಂದ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇಗ್ನಿಷನ್ ಟೈಮಿಂಗ್ ಹಿಂದೆ ತಳ್ಳುತ್ತದೆ: ಕಿಡಿ ತಡವಾಗಿ ಹಾರುತ್ತದೆ, ಬಲ ಇಳಿಯುತ್ತದೆ. ಎಮ್ಮೆ ಅನ್ನಿಸುವುದು ಹೆಚ್ಚಾಗಿ ಆಗಲೇ.

ಕೆಲಸಕ್ಕೆ ಕೈ ಹಾಕುವ ಮುಂಚೆ ಅಳೆಯಬೇಕಿತ್ತು. ಇಲ್ಲಿ ಒಂದು ಮಾತು. ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಹಾಕಿ ಇನ್‌ಟೇಕ್ ಉಷ್ಣತೆ ನೋಡಿ ಸಮಾಧಾನಪಟ್ಟುಕೊಳ್ಳುವವರು ಜಾಸ್ತಿ. ಈ ಕಾರಿನಲ್ಲಿ ಆ ಸೆನ್ಸರ್ ಇರುವುದು ಏರ್ ಫಿಲ್ಟರ್ ಪಕ್ಕದಲ್ಲಿ ಒಳಬರುವ ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರಿನ ಒಳಗೆ, ಅಂದರೆ ಟರ್ಬೋಗಿಂತ ಮುಂಚೆ. ಇಂಟರ್‌ಕೂಲರ್ ಎಷ್ಟು ಕಾದಿದೆ ಅಂತ ಅದಕ್ಕೆ ಗೊತ್ತೇ ಇಲ್ಲ! ಹಾಗಾಗಿ ಎರಡು ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತಂದು, ಒಂದನ್ನು ಇಂಟರ್‌ಕೂಲರಿನ ಟರ್ಬೋ ಬದಿಯ ಟ್ಯಾಂಕಿಗೆ (ತುದಿಯ ಡಬ್ಬಿಗೆ), ಇನ್ನೊಂದನ್ನು ಥ್ರಾಟಲ್ ಬದಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಅಂಟಿಸಿದೆ. ಇದು ಲೋಹದ ಬಿಸಿ, ಗಾಳಿಯದ್ದಲ್ಲ. ಆದರೂ ಹೋಲಿಸಿ ನೋಡಲು ಸಾಕು.

ಈಗ ತಗಡಿನ ಆಕಾರ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಶೀಲ್ಡ್ ಅಂದ ತಕ್ಷಣ ಇಂಟರ್‌ಕೂಲರಿನ ಕೆಳಗೆ ಪೂರ್ತಿ ಒಂದು ತಟ್ಟೆ ಹಿಡಿಯೋಣ ಅನ್ನಿಸುತ್ತದೆ, ಅಲ್ವಾ? ಅದೇ ತಪ್ಪು ದಾರಿ. ಮೂಗಿನಿಂದ ಬಂದ ಗಾಳಿ ಇಂಟರ್‌ಕೂಲರಿನ ಫಿನ್‌ಗಳ (ತೆಳು ಲೋಹದ ಪಟ್ಟಿಗಳ) ನಡುವೆ ಮೇಲಿನಿಂದ ಕೆಳಕ್ಕೆ ಹರಿದು, ಕೆಳಗಿನಿಂದ ಹೊರಹೋಗಬೇಕು. ತಟ್ಟೆ ಹತ್ತಿರ ಹಿಡಿದರೆ ಗಾಳಿಗೆ ಹೋಗಲು ದಾರಿಯಿಲ್ಲ. ಹೊರದಾರಿ ಮುಚ್ಚಿದರೆ ಒಳಗೂ ಬರುವುದಿಲ್ಲ. ಟರ್ಬೋ ಬಿಸಿ ತಪ್ಪಿತು, ಕೂಲಿಂಗೂ ತಪ್ಪಿತು. ಆದ್ದರಿಂದ ತಗಡು ಟರ್ಬೋ ಇರುವ ಮೂಲೆಗಷ್ಟೇ ಇರಬೇಕು. ಮುಂದೆ ಎತ್ತರ, ಹಿಂದೆ ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಕಡೆ ಇಳಿಜಾರು. ಆಗ ಫಿನ್‌ಗಳಿಂದ ಇಳಿದ ಗಾಳಿ ಆ ಇಳಿಜಾರಿನ ಮೇಲೆ ಜಾರಿ ಹಿಂದಕ್ಕೆ, ಗೇರ್‌ಬಾಕ್ಸ್ ಕಡೆಗೆ ಹೋಗುತ್ತದೆ.

ಇಂಟರ್‌ಕೂಲರ್ ಬಿಚ್ಚುವುದು ಕಷ್ಟವಲ್ಲ. ಎರಡು ಬ್ರಾಕೆಟ್ ಬೋಲ್ಟು, ಬೈಪಾಸ್ ವಾಲ್ವಿನ ಎರಡು ಬೋಲ್ಟು, ಎಲ್ಲಕ್ಕೂ 12ರ ಸ್ಪ್ಯಾನರ್. ಆಮೇಲೆ ಟರ್ಬೋ ಕಡೆಯ ಮತ್ತು ಥ್ರಾಟಲ್ ಕಡೆಯ ರಬ್ಬರ್ ಹೋಸುಗಳ ಕ್ಲಾಂಪು ಸಡಿಲಿಸಬೇಕು. ಎತ್ತಿದ ಕೂಡಲೇ ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿ. ಒಂದು ವಾಷರ್ ಒಳಗೆ ಬಿದ್ದರೆ ಎಂಜಿನ್ನಿಗೇ ಕುತ್ತು.

ಮೊದಲು ಸೀರಿಯಲ್ ಡಬ್ಬದ ರಟ್ಟಿನಲ್ಲಿ ಮಾದರಿ ಕತ್ತರಿಸಿದೆ. ರಟ್ಟನ್ನು ಜಾಗದಲ್ಲಿಟ್ಟು, ಇಂಟರ್‌ಕೂಲರ್ ಸುಮ್ನೆ ಮೇಲೆ ಕೂರಿಸಿ, ಎಲ್ಲಿ ತಾಗುತ್ತದೆ ನೋಡಿ, ಮತ್ತೆ ಕತ್ತರಿಸಿ, ಹೀಗೇ. ತೃಪ್ತಿಯಾದ ಮೇಲೆ ಅದನ್ನೇ 1 ಮಿ.ಮೀ. ಅಲ್ಯುಮಿನಿಯಂ ಹಾಳೆಯ ಮೇಲಿಟ್ಟು ಗೆರೆ ಎಳೆದೆ. ಹಾಳೆ ಇಲ್ಲಿನ ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ತಗಡಿನ ಕತ್ತರಿ, ಎರಡು ಮರದ ಪಟ್ಟಿ, ಜಿ-ಕ್ಲಾಂಪು, ರಬ್ಬರ್ ಸುತ್ತಿಗೆ, ಇಷ್ಟರಲ್ಲೇ ಬಗ್ಗಿಸಿದ್ದು. ಒಳಮೂಲೆಗಳಲ್ಲಿ ಮೊದಲು ಸಣ್ಣ ತೂತು ಕೊರೆದು, ಆಮೇಲೆ ಅಲ್ಲಿಯವರೆಗೆ ಕತ್ತರಿಸಬೇಕು. ಚೂಪು ಮೂಲೆ ಬಿಟ್ಟರೆ ನಡುಕಕ್ಕೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಅಂಚನ್ನೆಲ್ಲ ಒಂದು ಬೆರಳಿನಷ್ಟು ಮಡಿಸಿದೆ. ಮಡಿಕೆಯಿಂದ ತಗಡಿಗೆ ಗಟ್ಟಿತನ, ಕೈಗೂ ಗಾಯವಿಲ್ಲ.

ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಎಂಜಿನ್ನಿಗೆ ಲೋಡ್ ಬಿದ್ದಾಗ ಟರ್ಬೋದ ಟರ್ಬೈನ್ ಗೂಡು (ಎಂಜಿನ್ನಿನ ಬಿಸಿ ಹೊಗೆ ಹಾಯುವ ಭಾಗ) ಕೆಂಪಗೆ ಹೊಳೆಯುವಷ್ಟು ಕಾಯುವುದುಂಟು. ಹಾಗಾದರೆ ತಗಡು ಕರಗಬೇಕಲ್ಲ? ಕರಗುವುದಿಲ್ಲ, ಅಂತರ ಇದ್ದರೆ. ಹೊಳಪಿನ ಅಲ್ಯುಮಿನಿಯಂ ತನ್ನ ಮೇಲೆ ಬಿದ್ದ ವಿಕಿರಣದ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ವಾಪಸ್ ಕಳಿಸುತ್ತದೆ, ಸ್ವಲ್ಪವೇ ಹೀರುತ್ತದೆ. ಆದರೆ ಎಲ್ಲಾದರೂ ಟರ್ಬೋಗೆ ತಾಗಿತೋ, ಹೊಳಪಿಗೆ ಬೆಲೆಯಿಲ್ಲ. ಬಿಸಿ ಸೀದಾ ಲೋಹದೊಳಗೆ ಹರಿಯುತ್ತದೆ. ಅದಕ್ಕೇ ಟರ್ಬೈನಿನಿಂದ ಎರಡು ಬೆರಳು ದೂರ, ಇಂಟರ್‌ಕೂಲರಿನಿಂದ ಒಂದೂವರೆ ಬೆರಳು ದೂರ ಇಟ್ಟೆ. ಜಾಗ ತೀರಾ ಕಿರಿದಾದ ಕಡೆ ಮಾತ್ರ ಅರ್ಧ ಮಿ.ಮೀ. ಸ್ಟೇನ್‌ಲೆಸ್ ಪಟ್ಟಿಯನ್ನು ಕೆಳಗೆ ಬೇರೆಯಾಗಿ ಕೂರಿಸಿದೆ. ಸ್ಟೇನ್‌ಲೆಸ್ ಕತ್ತರಿಸುವಾಗ ಅಂಗೈ ನೋಯುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕಟ್ಟುವುದು ಎಲ್ಲಿಗೆ? ಕಾರಿನ ಮೈಗೆ ಬೇಡ. ಎಂಜಿನ್ ತನ್ನ ಮೌಂಟಿನ ಮೇಲೆ ಓಲಾಡುತ್ತದೆ, ಇಂಟರ್‌ಕೂಲರೂ ಅದರ ಜೊತೆಗೇ ಓಲಾಡುತ್ತದೆ. ತಗಡನ್ನು ಫೈರ್‌ವಾಲಿಗೆ ಬಿಗಿದರೆ ಗೇರ್ ಬದಲಿಸಿದಾಗಲೆಲ್ಲ ಎಳೆದಾಟ. ಇಂಟರ್‌ಕೂಲರಿನ ಬ್ರಾಕೆಟ್ ಬೋಲ್ಟಿಗೇ ಸ್ಟೀಲ್ ಸ್ಪೇಸರ್ ಕೊಟ್ಟು ಬಿಗಿದೆ. ಫೈರ್‌ವಾಲ್ ಕಡೆ 20 ಮಿ.ಮೀ. ಬಿಟ್ಟೆ.

ತಗಡಿನ ಬದಲು ಟರ್ಬೋಗೆ ಬಿಸಿ ತಡೆಯುವ ಕಂಬಳಿ ಹೊದಿಸಬಹುದಲ್ಲ ಅಂತ ಗೆಳೆಯರು ಕೇಳಿದರು. ಹೊದಿಸಬಹುದು. ಆದರೆ ಹಳೇ ಕಾರು, ಟರ್ಬೋದ ಆಯಿಲ್ ಪೈಪು ಅಲ್ಲೇ ಪಕ್ಕದಲ್ಲಿ. ಕಂಬಳಿ ಆಯಿಲ್ ಕುಡಿದರೆ ಬೆಂಕಿಗೆ ದಾರಿ. ತಗಡಾದರೆ ಸೋರಿಕೆ ಕಣ್ಣಿಗೆ ಕಾಣುತ್ತದೆ.

ಫಲ ಏನು? 80 ಕಿ.ಮೀ. ವೇಗದಲ್ಲಿ ಓಡುವಾಗ ಏನೂ ಇಲ್ಲ, ಶೀಲ್ಡ್ ಇದ್ದರೂ ಇಲ್ಲದಿದ್ದರೂ ಮೀಟರ್ ಒಂದೇ ಹೇಳಿತು. ಮೂಗಿನಿಂದ ಅಷ್ಟು ಗಾಳಿ ಬರುವಾಗ ಕೆಳಗಿನ ಬಿಸಿ ಲೆಕ್ಕಕ್ಕಿಲ್ಲ. ವ್ಯತ್ಯಾಸ ಕಂಡಿದ್ದು ನಿಂತಾಗ. ಜೋರಾಗಿ ಓಡಿಸಿ ತಂದು ನಿಲ್ಲಿಸಿದರೆ, ಮೊದಲು ಟರ್ಬೋ ಬದಿಯ ಟ್ಯಾಂಕ್ 80 ಡಿಗ್ರಿ ಮುಟ್ಟುತ್ತಿತ್ತು. ಈಗ ಅದೇ ಥರದ ದಿನಗಳಲ್ಲಿ 65ರ ಹತ್ತಿರ ನಿಲ್ಲುತ್ತದೆ. ಥ್ರಾಟಲ್ ಬದಿಯಲ್ಲಿ ಲಾಭ ಕಡಿಮೆ. ಯಾಕೆಂದರೆ ಅಲ್ಲಿಗೆ ಬಿಸಿ ಬರುವುದು ಟರ್ಬೋದಿಂದಷ್ಟೇ ಅಲ್ಲ, ಇಡೀ ಎಂಜಿನ್ನಿನಿಂದ. ಇದರಿಂದ ಹಾರ್ಸ್‌ಪವರ್ ಜಾಸ್ತಿಯಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕಳೆದುಹೋಗುತ್ತಿದ್ದದ್ದು ಸ್ವಲ್ಪ ಉಳಿಯಿತು, ಅಷ್ಟೇ.

ಬೆಂಗಳೂರಿನಲ್ಲಿ ಹಳೆಯ ಫಾರ್ಚುನರ್ 3.0 ಡೀಸೆಲ್ ಇಟ್ಟುಕೊಂಡವರಿಗೂ ಇದು ಹೊಸದಲ್ಲ. ಅದರಲ್ಲೂ ಬಾನೆಟ್ಟಿಗೆ ಮೂಗು, ಕೆಳಗೆ ಇಂಟರ್‌ಕೂಲರ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಮೂಗಿಗೆ ಗಾಳಿ ಎಲ್ಲಿಂದ ಬರಬೇಕು ಹೇಳಿ! ಆದರೆ ಟರ್ಬೋದ ಜಾಗ ಬೇರೆ, ನನ್ನ ಅಳತೆ ಅಲ್ಲಿಗೆ ಕೂರುವುದಿಲ್ಲ. ರಟ್ಟಿನಿಂದಲೇ ಶುರು ಮಾಡಬೇಕು.

ತಗಡು ಕತ್ತರಿಸುವ ಮುಂಚೆ ಒಂದು ಅಗ್ಗದ ಕೆಲಸ ಮುಗಿಸಿ. ಬಾನೆಟ್ ಕೆಳಗಿನ ಡಕ್ಟಿಗೂ ಇಂಟರ್‌ಕೂಲರಿಗೂ ನಡುವಿನ ಫೋಮ್ ನೋಡಿ. ನನ್ನ ಕಾರಿನಲ್ಲಿ ಅದು ಬಿಸಿಗೆ ಪುಡಿಪುಡಿಯಾಗಿತ್ತು. ಮೂಗಿನಿಂದ ಬಂದ ಗಾಳಿ ಫಿನ್‌ಗಳಿಗೆ ಇಳಿಯದೆ ಅಕ್ಕಪಕ್ಕ ಸೋರಿಹೋಗುತ್ತಿತ್ತು. ಬಿಸಿ ತಡೆಯುವ ಹೊಸ ಫೋಮ್ ಪಟ್ಟಿ ಅಂಟಿಸಿ, ಅದರ ಮೇಲೆ ಸೀಮೆಸುಣ್ಣ ಬಳಿದು ಬಾನೆಟ್ ಮುಚ್ಚಿ ತೆರೆದೆ. ಡಕ್ಟಿನ ಅಂಚಿನಲ್ಲಿ ಗುರುತು ಸುತ್ತಲೂ ಮೂಡಿತ್ತು, ಎಡಹಿಂಬದಿಯ ಮೂಲೆಯೊಂದು ಬಿಟ್ಟು. ಅಲ್ಲಿಗೆ ಇನ್ನೊಂದು ತುಂಡು ಫೋಮ್ ಹಾಕಿದೆ.