ಸಿರೋಸಿಸ್ ಇದ್ದವರಿಗೆ ಹೊಕ್ಕುಳ ಹರ್ನಿಯಾ: ಆಪರೇಷನ್‌ಗೆ ಒಪ್ಪುವ ಮೊದಲು

ಲಿವರ್ ಸಿರೋಸಿಸ್ (ಲಿವರ್ ಗಡುಸಾಗಿ ಕೆಡುವ ಕಾಯಿಲೆ) ಬಲಿತು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಹೊಕ್ಕುಳ ಉಬ್ಬುವುದು, ಅಂದರೆ ಹರ್ನಿಯಾ, ಸಾಮಾನ್ಯ. ಆಪರೇಷನ್ ಚಿಕ್ಕದೇ, ಅಪಾಯವಿರುವುದು ಲಿವರಿನಲ್ಲಿ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ, ಸರ್ಜನ್ ತಾರೀಖು ಕೊಡುವ ಮೊದಲೇ ರಕ್ತಪರೀಕ್ಷೆಯ ರಿಪೋರ್ಟ್ ಮುಂದಿಟ್ಟು ಲಿವರ್ ಎಷ್ಟು ಕೆಟ್ಟಿದೆಯೆಂದು ಅಳೆಯುವ ಚೈಲ್ಡ್-ಪ್ಯೂ ಅಂಕ ಎಷ್ಟೆಂದು ಕೇಳಿ.

ಐದು ಅಂಶಗಳಿಗೆ ತಲಾ 1ರಿಂದ 3 ಅಂಕ. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು, mg/dL ಲೆಕ್ಕದಲ್ಲಿ) 2ಕ್ಕಿಂತ ಕಡಿಮೆಯಿದ್ದರೆ 1, 3 ದಾಟಿದರೆ 3. ಆಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್, g/dL ಲೆಕ್ಕದಲ್ಲಿ) 3.5ಕ್ಕಿಂತ ಮೇಲಿದ್ದರೆ 1, 2.8ಕ್ಕಿಂತ ಇಳಿದರೆ 3. ಐಎನ್‌ಆರ್ (ರಕ್ತ ಹೆಪ್ಪುಗಟ್ಟುವುದರ ಅಳತೆ) 1.7ರೊಳಗಿದ್ದರೆ 1, 2.3 ಮೀರಿದರೆ 3. ನಡುವಿನದಕ್ಕೆಲ್ಲ 2. ಹೊಟ್ಟೆಯ ನೀರು ಮತ್ತು ಮಂಕು (ಲಿವರ್ ಕೆಟ್ಟು ಮಿದುಳಿಗೆ ಕವಿಯುವ ಗೊಂದಲ), ಇವೆರಡರ ಅಂಕವನ್ನು ವೈದ್ಯರು ನೋಡಿ ಹಾಕುತ್ತಾರೆ. ಮಂಕಿನ ಲಕ್ಷಣಗಳಾದ ರಾತ್ರಿ ನಿದ್ದೆಗೆಟ್ಟು ಹಗಲು ತೂಕಡಿಸುವುದು, ಚಾಚಿದ ಕೈ ಪಟಪಟ ಬಡಿದುಕೊಳ್ಳುವುದು ಮನೆಯವರಿಗೇ ಮೊದಲು ಕಾಣುತ್ತದೆ, ಮುಚ್ಚಿಡಬೇಡಿ.

ಒಟ್ಟು 5–6 ಆದರೆ ಎ, 7–9 ಬಿ, 10ರಿಂದ ಮೇಲೆ ಸಿ. ಎ ಗುಂಪಿನವರು ಬಹುತೇಕ ತಡೆದುಕೊಳ್ಳುತ್ತಾರೆ. ಬಿ ಆದರೆ ಮೊದಲು ನೀರು ಇಳಿಸಬೇಕು. ಇಳಿಸದೆ ಹೊಲಿದರೆ ಗಾಯ ಸೋರುತ್ತದೆ, ಸೋಂಕು ತಗಲುತ್ತದೆ, ಹರ್ನಿಯಾ ಮತ್ತೆ ಬರುತ್ತದೆ. ಅಡುಗೆಯದ್ದೂ ಸೇರಿ ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ-ಮಿರ್ಚಿ ಈ ಲೆಕ್ಕ ಕೆಡಿಸುತ್ತವೆ. ಸಿ ಆದರೆ ತುರ್ತಿಲ್ಲದ ಆಪರೇಷನ್ ಬೇಡವೆಂದೇ ನಮ್ಮ ಮಾತು; ಬೆಂಗಳೂರಿನಲ್ಲಿ ಲಿವರ್ ಕಸಿಯ ಬಗ್ಗೆ ವಿಚಾರಿಸಿ, ಆಗ ಹರ್ನಿಯಾವನ್ನೂ ಹೊಲಿಯಬಹುದು.

ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಕಿಡ್ನಿ ಕೈಕೊಡುತ್ತದೆ. ಪ್ಯಾರಾಸಿಟಮಾಲ್ ಆದರೂ ವೈದ್ಯರನ್ನು ಕೇಳಿ, ದಿನಕ್ಕೆ 2 ಗ್ರಾಂ ಒಳಗೆ.

ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ವಾಂತಿಯಾದರೆ, ಮೇಲಿನ ಚರ್ಮ ಕಪ್ಪಾದರೆ ಅಥವಾ ನೀರು ಜಿನುಗಿದರೆ ಅಂಕ ಎಣಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.