ವಾಲಿದ ಮತ್ತಿ ಮರ ಇಳಿಸಿದ್ದು

ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ರಸ್ತೆ ಅಗಲ ಮಾಡುವಾಗ ಧರೆ ಕಡಿದಿದ್ದರು. ಧರೆಯ ಮೇಲಿದ್ದ ಮತ್ತಿ ಮರದ ಬೇರು ಹೊರಬಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮರ ರಸ್ತೆಯ ಮೇಲೆ ಬಾಗಿತು. ಸುತ್ತಳತೆ 7 ಅಡಿ. ಎದುರು ಬದಿಯಲ್ಲಿ ಕರೆಂಟಿನ ತಂತಿ.

ಜಮೀನಿನ ಯಜಮಾನರು ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡೇ ನನ್ನನ್ನು ಕರೆದಿದ್ದರು. ಅವರ ಲೆಕ್ಕ ಬೇರೆಯಿತ್ತು: "ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ತೋಟದ ಕಡೆಗೆ ಎಳೆದುಬಿಡಿ, ರಸ್ತೆಯ ತಂಟೆಯೇ ಬೇಡ." ನಾನು ಒಪ್ಪಲಿಲ್ಲ. ಅಷ್ಟು ವಾಲಿದ ಮರವನ್ನು ಹಿಂದಕ್ಕೆ ಎಳೆಯುವಾಗ ಹಗ್ಗ ಹರಿದರೆ ಅಲ್ಲಿ ನಿಂತವರಿಗೆ ಉಳಿಗಾಲವಿಲ್ಲ. ಮರ ಹೋಗಬೇಕೆಂದ ಕಡೆಗೇ ಬಿಡೋಣ, ರಸ್ತೆಯನ್ನು ಅರ್ಧ ದಿನ ಕಟ್ಟೋಣ ಎಂದೆ. ಬೇರು ನಂಬುವಂತಿರಲಿಲ್ಲವಾದ್ದರಿಂದ ಕೊಂಬೆ ಸವರಲು ಯಾರನ್ನೂ ಹತ್ತಿಸಲಿಲ್ಲ. ಲೈನ್‌ಮನ್ ಕರೆಂಟು ತೆಗೆದು, ತಂತಿಯನ್ನೇ ಬಿಚ್ಚಿ ಕೆಳಗಿಳಿಸಿದರು. ಬೆಳಗಿನ ಬಸ್ಸು ದಾಟಿದ ಮೇಲೆ ಎರಡೂ ತಿರುವಿನಲ್ಲಿ ಕೆಂಪು ಬಟ್ಟೆ ಹಿಡಿದ ಇಬ್ಬರನ್ನು ನಿಲ್ಲಿಸಿದೆ. ಬೈಕಿನವರು ಮಾತ್ರ "ಒಂದೇ ನಿಮಿಷ" ಎನ್ನುತ್ತಲೇ ಇದ್ದರು.

ವಾಲಿದ ಮರದಲ್ಲಿ ನಾನು ಹೆದರುವುದು ಸಿಗಿಯುವುದಕ್ಕೆ. ಹಿಂದಿನಿಂದ ಕೊಯ್ಯುತ್ತ ಹೋದರೆ ಅರ್ಧ ಕೊಯ್ಯುವ ಮೊದಲೇ ಮರ ಹೊರಡುತ್ತದೆ; ಕಾಂಡ ಉದ್ದಕ್ಕೆ ಸೀಳಿ ಹಿಂದಿನ ಹೋಳು ಮೇಲಕ್ಕೆ ಚಿಮ್ಮುತ್ತದೆ. ಹೊಸದಾಗಿ ಈ ಕೆಲಸಕ್ಕೆ ಇಳಿದಾಗ ಒಂದು ಅಕೇಶಿಯಾ ಹೀಗೆ ಸಿಗಿದು ನನ್ನ ಗಲ್ಲದ ಪಕ್ಕದಲ್ಲೇ ಹಾದುಹೋಗಿತ್ತು. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಆದ್ದರಿಂದ ಈ ಮತ್ತಿಗೆ ವಾಲಿದ ಬದಿಯಲ್ಲಿ 6 ಇಂಚಿನಷ್ಟೇ ಆಳಕ್ಕೆ ಕಚ್ಚು ಹಾಕಿದೆ. ಇನ್ನೂ ಆಳಕ್ಕೆ ಹೋದರೆ ಭಾರಕ್ಕೆ ಯಂತ್ರದ ಗರಗಸದ ಪಟ್ಟಿ, ಅಂದರೆ ಹಲ್ಲಿನ ಸರಪಳಿ ಸುತ್ತುವ ಉದ್ದನೆಯ ಅಲಗು, ಕಚ್ಚಿಕೊಳ್ಳುತ್ತದೆ. ಆಮೇಲೆ ಹಿಂದಿನಿಂದ ಕೊಯ್ಯದೆ, ಪಟ್ಟಿಯ ತುದಿಯನ್ನು ಕಾಂಡದ ಪಕ್ಕದಿಂದ ಒಳಗೆ ಚುಚ್ಚಿದೆ. ತುದಿಯ ಕೆಳಭಾಗವನ್ನು ಮೊದಲು ತಾಗಿಸಬೇಕು. ಮೇಲ್ಭಾಗ ತಾಗಿದರೆ ಯಂತ್ರ ಮುಖಕ್ಕೆ ಒದೆಯುತ್ತದೆ. ಮುಂಬದಿಯಲ್ಲಿ, ಕಚ್ಚಿನ ಒಳಗಡೆಗೆ ಸುಮಾರು ಮೂರು ಇಂಚು ಮರ ಉಳಿಸಿದೆ. ಬಾಗಿಲಿಗೆ ತಿರುಗಣಿ ಇದ್ದಂತೆ ಅದು ಮರವನ್ನು ದಾರಿಯಲ್ಲಿಡುತ್ತದೆ. ಹಿಂಬದಿಯಲ್ಲಿ ನಾಲ್ಕು ಇಂಚು ಉಳಿಸಿದೆ. ನಡುವಿನದನ್ನೆಲ್ಲ ಕೊಯ್ದೆ. ನನ್ನ ಪಟ್ಟಿ ಆಚೆ ಬದಿ ಮುಟ್ಟದ್ದರಿಂದ ಇನ್ನೊಂದು ಕಡೆಯಿಂದಲೂ ಅದೇ ಎತ್ತರಕ್ಕೆ ಚುಚ್ಚಬೇಕಾಯಿತು. ಇಷ್ಟಾದರೂ ಮರ ಅಲುಗಲಿಲ್ಲ.

ಇಲ್ಲಿ ಯಂತ್ರ ನಿಲ್ಲಿಸಿ ನೀರು ಕುಡಿದೆ. ಓಡುವ ದಾರಿಯನ್ನು ಇನ್ನೊಮ್ಮೆ ನಡೆದು ನೋಡಿದೆ. ಅದು ಮರದ ನೇರ ಹಿಂದಕ್ಕಲ್ಲ, ಓರೆಯಾಗಿ ಹಿಂದಕ್ಕೆ. ಪೊದೆ ಮುಂಚೆಯೇ ಸವರಿದ್ದೆ. ಬಳ್ಳಿಯೊಂದು ಉಳಿದಿತ್ತು, ಅದನ್ನೂ ಕಡಿದೆ.

ಸೀಟಿ ಊದಿಸಿ, ಪಕ್ಕಕ್ಕೆ ನಿಂತು ಹಿಂದಿನ ನಾಲ್ಕು ಇಂಚಿಗೆ ಗರಗಸ ಹಿಡಿದೆ. ಪೂರ್ತಿ ಕೊಯ್ಯುವಷ್ಟರಲ್ಲೇ ಪಟಾರನೆ ಹರಿಯಿತು. ಯಂತ್ರ ಅಲ್ಲೇ ಬಿಟ್ಟು ಹೊರಟೆ. ತಿರುಗಿ ನೋಡಿದಾಗ ಮತ್ತಿ ರಸ್ತೆಗೆ ಅಡ್ಡಲಾಗಿ ಮಲಗಿತ್ತು, ಕಾಂಡದಲ್ಲಿ ಒಂದು ಸೀಳೂ ಇರಲಿಲ್ಲ.

ಬುಡವನ್ನೂ ಕೀಳಿಸಲು ಯಜಮಾನರು ಜೆಸಿಬಿ ಕರೆಸುವವರಿದ್ದರು. ಉಳಿದ ಬೇರೇ ಧರೆಯನ್ನು ಹಿಡಿದಿರುವುದು, ಹಾಗೇ ಬಿಡಿ, ಮತ್ತಿ ಬುಡದಿಂದ ಚಿಗುರುತ್ತದೆ ಎಂದೆ. ಮುಂದಿನ ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋದಾಗ ಮೊಣಕಾಲುದ್ದದ ಚಿಗುರು ಬಂದಿತ್ತು.