ಮಲಗಲೂ ಬೇಕು, ಎಳೆಯಲೂ ಬೇಕು: ಹಳೆಯ ವ್ಯಾನು ಕೊಳ್ಳುವುದು ಹೇಗೆ?

ಒಳಗೆ ಒಂದು ಹಾಸಿಗೆ, ಒಂದು ಒಲೆ, ಹಿಂದೆ ಒಂದು ಟ್ರೇಲರ್. ಯೋಚಿಸುವಾಗ ಎಷ್ಟು ಸಲೀಸು, ಅಲ್ವಾ? ಆದರೆ ವಾಸಕ್ಕೂ ಎಳೆಯುವುದಕ್ಕೂ ವ್ಯಾನಿಗೆ ಇರುವುದು ಒಂದೇ ಜೇಬು. ಮನೆಗೆಂದು ಒಳಗೆ ಹೇರಿದ ಒಂದೊಂದು ಕೆ.ಜಿ.ಯೂ ಎಳೆಯುವ ಲೆಕ್ಕದಿಂದ ಕಳೆದುಹೋಗುತ್ತದೆ. ವ್ಯಾನು ಹುಡುಕಲು ಹೊರಡುವ ಮೊದಲು ಪೆನ್ನು ಹಿಡಿದು ಕೂರಬೇಕು ಎನ್ನುವುದು ಅದಕ್ಕೇ.

ಮೊದಲು ತೂಕದ ಲೆಕ್ಕ

ಪ್ರತಿ ವ್ಯಾನಿಗೂ ತಯಾರಕರು ಕೆಲವು ಮಿತಿಗಳನ್ನು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಬಾಗಿಲಿನ ಚೌಕಟ್ಟಿನಲ್ಲೋ ಬಾನೆಟ್ ಒಳಗೋ ಅಂಟಿಸಿದ ಪಟ್ಟಿಯಲ್ಲಿ ಇವು ಸಿಗುತ್ತವೆ. ವ್ಯಾನು ತುಂಬಿದಾಗ ಎಷ್ಟು ತೂಗಬಹುದು, ಒಂದೊಂದು ಆಕ್ಸಲ್ ಎಷ್ಟು ಹೊರಬಹುದು, ವ್ಯಾನು ಮತ್ತು ಟ್ರೇಲರ್ ಸೇರಿ ಎಷ್ಟಿರಬಹುದು ಎನ್ನುವುದು ಮುಖ್ಯ. ಪಟ್ಟಿಯಲ್ಲಿ ಎಲ್ಲವೂ ಇಲ್ಲದಿದ್ದರೆ ಉಳಿದದ್ದು ಆ ಮಾದರಿಯ ಕೈಪಿಡಿಯಲ್ಲಿರುತ್ತದೆ. ಮಾರುವವರು ಹೇಳುವುದು ಮಾತ್ರ ಸಾಮಾನ್ಯವಾಗಿ ಇದ್ಯಾವುದನ್ನೂ ಅಲ್ಲ. ‘ಎರಡು ಟನ್ ಎಳೆಯುತ್ತೆ’ ಎನ್ನುತ್ತಾರೆ, ಅಷ್ಟೇ.

ಒಂದು ಲೆಕ್ಕ ಹಾಕಿ ನೋಡೋಣ. ವ್ಯಾನಿನ ಒಟ್ಟು ಮಿತಿ 3,500 ಕೆ.ಜಿ., ಖಾಲಿ ತೂಕ 2,200 ಕೆ.ಜಿ. ಎಂದಿಟ್ಟುಕೊಳ್ಳಿ. ಹೇರಲು 1,300 ಕೆ.ಜಿ. ಇದೆ. ಇಬ್ಬರು ಮನುಷ್ಯರು 150. ನೂರು ಲೀಟರ್ ನೀರು ಎಂದರೆ ನೂರು ಕೆ.ಜಿ. ಮಂಚ, ಕಪಾಟು, ನೆಲ, ಗೋಡೆಯ ಹಲಗೆ, ಒಲೆ ಎಲ್ಲ ಸೇರಿ 500 ಸುಲಭವಾಗಿ ಮುಟ್ಟುತ್ತದೆ, 12 ಮಿ.ಮೀ. ದಪ್ಪದ, ಎಂಟು ಅಡಿಗೆ ನಾಲ್ಕಡಿಯ ಒಂದೇ ಪ್ಲೈವುಡ್ ಹಾಳೆ ಸುಮಾರು 20 ಕೆ.ಜಿ. ತೂಗುತ್ತದೆ. ಎರಡು ಸೀಸದ ಬ್ಯಾಟರಿಗೆ 60. ಬಟ್ಟೆ, ಪಾತ್ರೆ, ಹಾಸಿಗೆ, ಹತಾರಗಳಿಗೆ 200. ಒಟ್ಟು 1,010. ಇನ್ನೂ 290 ಉಳಿದಿದೆ.

ಈಗ 1,800 ಕೆ.ಜಿ.ಯ ಟ್ರೇಲರ್ ಕಟ್ಟಿ. ಅದರ ಮೂಗು, ಅಂದರೆ ಮುಂತುದಿ, ವ್ಯಾನಿನ ಹಿಚ್ (ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ. ಅಮೆರಿಕದ ರೂಢಿಯಲ್ಲಿ ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಭಾರ ಮೂಗಿನ ಮೇಲಿರಬೇಕು. ಶೇ 10 ಎಂದರೂ 180 ಕೆ.ಜಿ. ಅದೂ ವ್ಯಾನಿನ ಹೊರೆಯೇ. ಉಳಿದದ್ದು 110. ಇಲ್ಲಿಯವರೆಗೆ ಪರವಾಗಿಲ್ಲ.

ಆದರೆ ಜೋಡಿಯ ಒಟ್ಟು ಮಿತಿ 5,000 ಇದ್ದರೆ? ತುಂಬಿದ ವ್ಯಾನು 3,210, ಟ್ರೇಲರ್ 1,800, ಕೂಡಿದರೆ 5,010. ಎರಡು ಟನ್ ಎಳೆಯುತ್ತೆ ಎಂದ ವ್ಯಾನು 1,800ಕ್ಕೇ ಗೆರೆ ದಾಟಿತು. ಮೋಸವೇನೂ ಆಗಿಲ್ಲ. ಆ ಎರಡು ಟನ್ ಹೆಚ್ಚುಕಡಿಮೆ ಖಾಲಿ ವ್ಯಾನಿನ ಮಾತು, ಒಳಗೆ ಮನೆ ಕಟ್ಟಿದ ವ್ಯಾನಿನದ್ದಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಚ್ ಇರುವುದು ಹಿಂದಿನ ಚಕ್ರಗಳಿಗಿಂತ ಆಚೆ. ಏತದಂತೆ ಅದು ಹಿಂಭಾಗವನ್ನು ಒತ್ತಿ ಮುಂಭಾಗವನ್ನು ಎತ್ತುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3.5 ಮೀಟರ್, ಹಿಂದಿನ ಚಕ್ರದಿಂದ ಹಿಚ್‌ಗೆ 1.4 ಮೀಟರ್ ಇದ್ದರೆ, 180 ಕೆ.ಜಿ. ಮೂಗುಭಾರ ಹಿಂದಿನ ಆಕ್ಸಲ್ ಮೇಲೆ 252 ಕೆ.ಜಿ. ಆಗಿ ಬೀಳುತ್ತದೆ. ಮುಂದಿನ ಆಕ್ಸಲ್ 72 ಕೆ.ಜಿ. ಹಗುರಾಗುತ್ತದೆ. ಸ್ಟೇರಿಂಗ್ ಹಗುರ ಅನ್ನಿಸುವುದು ಅದಕ್ಕೇ, ಅದು ಒಳ್ಳೆಯ ಹಗುರವಲ್ಲ. ಕೆಲವು ಹಳೆಯ ಉದ್ದ ವ್ಯಾನುಗಳಲ್ಲಿ ಇದು ಹೆಚ್ಚು. ಫೋರ್ಡ್ ಇಕಾನೊಲೈನ್‌ನ ಉದ್ದದ ಮಾದರಿಯಲ್ಲಿ ಚಕ್ರಗಳ ಅಂತರ ಗಿಡ್ಡ ಮಾದರಿಯಷ್ಟೇ, ಬಾಲ ಮಾತ್ರ 20 ಇಂಚು ಉದ್ದ. ಮಲಗಲು ಆ ಉದ್ದ ವರ. ಎಳೆಯುವಾಗ ಮಾತ್ರ ಟ್ರೇಲರ್ ಆ ಉದ್ದ ಬಾಲವನ್ನು ಹಿಡಿದು ಅಲ್ಲಾಡಿಸುತ್ತದೆ.

ಯಾವ ಬಗೆ ನೋಡಬೇಕು?

ಭಾರ ಎಳೆಯುವುದೇ ಮುಖ್ಯವಾದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ವ್ಯಾನು ನೋಡಿ. ಟ್ರೇಲರ್ ಹಿಂದೆ ಒತ್ತುತ್ತದೆ, ಒತ್ತಿದ ಚಕ್ರಕ್ಕೆ ಹಿಡಿತ ಸಿಗುತ್ತದೆ. ಮುಂದಿನ ಚಕ್ರ ಎಳೆಯುವ ವ್ಯಾನು, ಉದಾಹರಣೆಗೆ ಫಿಯಟ್ ಡುಕಾಟೊ, ಒದ್ದೆ ಏರಿನಲ್ಲಿ ಟ್ರೇಲರ್ ಕಟ್ಟಿಕೊಂಡು ನಿಂತರೆ ಮತ್ತೆ ಹೊರಡುವಾಗ ಚಕ್ರ ಸುಮ್ನೆ ಜಾರುವುದುಂಟು. ಆದರೆ ಅದರ ನೆಲ ತಗ್ಗು, ಒಳಗೆ ಎತ್ತರ ಜಾಸ್ತಿ. ವಾಸಕ್ಕೆ ಅದೇ ವಾಸಿ. ಸಣ್ಣ, ಹಗುರ ಟ್ರೇಲರ್ ಆದರೆ ಈ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಊರಿನ ಲೈಸೆನ್ಸ್ ನಿಯಮ ಏನು ಹೇಳುತ್ತದೆ ಎಂದೂ ನೋಡಿಕೊಳ್ಳಿ. ಯುರೋಪಿನಲ್ಲಿ 750 ಕೆ.ಜಿ.ವರೆಗಿನ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಬೇಕಿಲ್ಲ, ಅದಕ್ಕಿಂತ ಭಾರವಾದರೆ ಬೇಕು. ಲೆಕ್ಕದ ಗೆರೆಗಳು ದೇಶದಿಂದ ದೇಶಕ್ಕೆ ಬೇರೆ.

ಇದು ಮೊದಲು ಏನು ಕೆಲಸ ಮಾಡುತ್ತಿತ್ತು?

ಮೀಟರ್ ತೋರಿಸುವ ಕಿಲೋಮೀಟರ್‌ಗಿಂತ ಈ ಪ್ರಶ್ನೆ ಮುಖ್ಯ. ದೂರದ ಹೆದ್ದಾರಿಯಲ್ಲಿ ಮೂರು ಲಕ್ಷ ಕಿ.ಮೀ. ಓಡಿದ ವ್ಯಾನು, ಮನೆಮನೆಗೆ ಪಾರ್ಸೆಲ್ ಹಂಚುತ್ತ ಒಂದು ಲಕ್ಷ ಓಡಿದ ವ್ಯಾನಿಗಿಂತ ಗಟ್ಟಿ ಇರಬಹುದು. ಪಾರ್ಸೆಲ್ ವ್ಯಾನಿನ ಸ್ಟಾರ್ಟರ್, ಕ್ಲಚ್, ಬ್ರೇಕ್, ಬಾಗಿಲಿನ ಕೀಲು ಎಲ್ಲವೂ ದಿನಕ್ಕೆ ನೂರು ಸಲ ದುಡಿದಿರುತ್ತವೆ. ಆಂಬುಲೆನ್ಸ್ ಆಗಿದ್ದ ವ್ಯಾನು ನಿಂತಲ್ಲೇ ಇಂಜಿನ್ ಓಡಿಸಿರುತ್ತದೆ, ಆ ಗಂಟೆಗಳು ಮೀಟರಿನಲ್ಲಿ ಕಾಣುವುದಿಲ್ಲ. ಏಣಿ ಹೊತ್ತ ವ್ಯಾನಿನ ಚಾವಣಿಯಲ್ಲಿ ರಂಧ್ರಗಳಿರುತ್ತವೆ. ಪ್ರಯಾಣಿಕರ ವ್ಯಾನಿಗೆ ಸುತ್ತ ಗಾಜು. ಬೆಳಕು ಚೆಂದ, ಆದರೆ ಚಳಿಯಲ್ಲಿ ಗಾಜಿನ ಮೇಲೆಲ್ಲ ನೀರು.

ಯಾರೋ ಆಗಲೇ ಒಳಗೆ ಮನೆ ಕಟ್ಟಿರುವ ವ್ಯಾನು ಕೊಳ್ಳಬೇಕೋ, ಖಾಲಿ ವ್ಯಾನು ಕೊಳ್ಳಬೇಕೋ? ನನ್ನನ್ನು ಕೇಳಿದರೆ ಖಾಲಿಯದ್ದೇ. ಮರದ ಚಾವಣಿ, ಚಂದದ ದೀಪ, ಮೆತ್ತನೆ ದಿಂಬು ನೋಡಿದ ಕೂಡಲೇ ಮನಸ್ಸು ಒಳಗೆ ಹೋಗಿ ಮಲಗಿಬಿಡುತ್ತದೆ, ಕಣ್ಣು ಕೆಲಸ ನಿಲ್ಲಿಸುತ್ತದೆ. ಹೊರಗೆ ಥಳಕು, ಒಳಗೆ ಹುಳುಕು ಎನ್ನುವ ಮಾತು ಇಂಥವನ್ನು ನೋಡಿಯೇ ಹುಟ್ಟಿರಬೇಕು. ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಅದು ಹಲಗೆಯ ಹಿಂದೆ ತಣ್ಣನೆ ತಗಡಿನ ಮೇಲೆ ಕೂತು ವರ್ಷಗಟ್ಟಲೆ ತನ್ನ ಕೆಲಸ ಮಾಡಿರುತ್ತದೆ. ಸಿದ್ಧ ಮನೆಯೇ ಬೇಕೆಂದರೆ ಎರಡು ಮೂರು ಕಡೆ ಹಲಗೆ ಬಿಚ್ಚಿ ತೋರಿಸಲು ಕೇಳಿ. ಮಾಲೀಕರು ಒಪ್ಪದಿದ್ದರೆ ಬೇರೆ ವ್ಯಾನು ನೋಡಿ. ತೂಕವನ್ನೂ ಅಂದಾಜಿಗೆ ಬಿಡದೆ, ವೇಬ್ರಿಡ್ಜ್ ಮೇಲೆ ಹತ್ತಿಸಿ.

ತುಕ್ಕು: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಇಂಜಿನ್ ಬದಲಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು. ತುಕ್ಕು ತಿಂದ ಚಾಸಿಯನ್ನು (ಕೆಳಗಿನ ಲೋಹದ ಚೌಕಟ್ಟು) ಬದಲಿಸುವುದು ಎಂದರೆ ವ್ಯಾನನ್ನೇ ಬದಲಿಸಿದಂತೆ. ಆದ್ದರಿಂದ ಹಳೆಯ ಬಟ್ಟೆ ಹಾಕಿಕೊಂಡು ಹೋಗಿ, ಕೆಳಗೆ ನುಸುಳಿ. ಟಾರ್ಚ್, ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಸಾಕು.

ಚಾಸಿಯ ಉದ್ದ ತೊಲೆಗಳು, ಹಿಂದಿನ ಸ್ಪ್ರಿಂಗ್ ಪಟ್ಟಾಗಳು ಚಾಸಿಗೆ ಸೇರುವ ಜಾಗ, ಜಾಕ್ ಕೊಡುವ ಜಾಗ, ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಮುಂದಿನ ಗಾಜಿನ ಸುತ್ತ, ಚಾವಣಿಯ ಜೋಡಣೆ ಗೆರೆ, ಇವೆಲ್ಲವನ್ನೂ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿರಬಹುದು. ಮೇಲ್ಪದರದ ಕಂದು ಬಣ್ಣಕ್ಕೆ ಹೆದರಬೇಡಿ, ಉಜ್ಜಿ ಬಳಿದರೆ ಹೋಗುತ್ತದೆ. ಪದರ ಪದರವಾಗಿ ಉದುರುವ ತುಕ್ಕು, ಬೆರಳು ಹೋಗುವ ತೂತು ಕಂಡರೆ ಎದ್ದು ಬನ್ನಿ. ಹಳೆಯ ವ್ಯಾನಿನ ಕೆಳಗೆ ಹೊಚ್ಚಹೊಸ ಕರಿ ಬಣ್ಣ ಬಳಿದಿದ್ದರೆ ಅನುಮಾನಪಡಿ. ಮಾರುವ ವಾರದಲ್ಲೇ ಯಾಕೆ ಬಳಿಯಬೇಕಿತ್ತು?

ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಸೀಮೆಯಲ್ಲಿ ಓಡಿದ ವ್ಯಾನುಗಳನ್ನು ಇನ್ನೂ ಎಚ್ಚರದಿಂದ ನೋಡಬೇಕು. ಮೊದಲ ತಲೆಮಾರಿನ ಮರ್ಸಿಡಿಸ್ ಸ್ಪ್ರಿಂಟರ್ ವ್ಯಾನಿನ ಇಂಜಿನ್ ದೀರ್ಘಾಯುಷಿ ಎಂದು ಹೊಗಳುವವರೇ ಅದರ ತಗಡಿನ ತುಕ್ಕಿಗೆ ಬೈಯುತ್ತಾರೆ. ಎರಡೂ ನಿಜ.

ಹಿಚ್ ಆಗಲೇ ಇದ್ದರೆ ಅದರ ಬೋಲ್ಟು, ಬೆಸುಗೆ, ಅದು ಚಾಸಿಗೆ ಸೇರುವ ರಂಧ್ರ ನೋಡಿ. ರಂಧ್ರ ದುಂಡಗಿಲ್ಲದೆ ಉದ್ದವಾಗಿದ್ದರೆ ಯಾರೋ ಮಿತಿ ಮೀರಿ ಎಳೆದಿರುವ ಸಾಧ್ಯತೆ ಹೆಚ್ಚು. ಬರೀ ಬಂಪರ್‌ಗೆ ಬಿಗಿದ ಹಿಚ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಇಂಜಿನ್ ತಣ್ಣಗಿರುವಾಗ ಹೋಗಿ

‘ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ಅಥವಾ ನಿಮ್ಮ ಮಾತು ಮರೆತಿದ್ದಾರೆ. ಎರಡೂ ಸಂದರ್ಭದಲ್ಲಿ ಇನ್ನೊಂದು ದಿನ ಬರುವುದೇ ಸರಿ.

ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಬಹುದು (ಬಿಸಿಯಿದ್ದಾಗ ಎಂದೂ ಬೇಡ). ಕೂಲಂಟ್ (ಇಂಜಿನ್ ತಣಿಸುವ ದ್ರವ) ಮೇಲೆ ಎಣ್ಣೆ ತೇಲುತ್ತಿದ್ದರೆ, ಆಯಿಲ್ ಕಡ್ಡಿಯಲ್ಲಿ ಹಾಲು ಕಲಸಿದಂಥ ಕೆಸರು ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲು) ಹೋಗಿರಬಹುದು. ಆಮೇಲೆ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪು ಎಂದರೆ ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ ಇದ್ದರೆ ಕೂಲಂಟ್ ಒಳಗೆ ಸೋರುತ್ತಿದೆ.

ಟೈಮಿಂಗ್ ಬೆಲ್ಟ್ (ವಾಲ್ವ್, ಪಿಸ್ಟನ್‌ಗಳನ್ನು ತಾಳಕ್ಕೆ ಓಡಿಸುವ ಪಟ್ಟಿ) ಇದ್ದರೆ ಯಾವಾಗ ಬದಲಿಸಿದರು ಎಂಬ ಬಿಲ್ ಕೇಳಿ. ‘ಮಾಡಿಸಿದ್ದೇನೆ’ ಎಂಬ ಮಾತು ಬಿಲ್ ಅಲ್ಲ. ಬಹುತೇಕ ಇಂಜಿನ್‌ಗಳಲ್ಲಿ ಅದು ಹರಿದರೆ ವಾಲ್ವ್, ಪಿಸ್ಟನ್ ಒಂದಕ್ಕೊಂದು ಬಡಿದುಕೊಳ್ಳುತ್ತವೆ.

ಗೇರ್‌ಬಾಕ್ಸ್ ಮತ್ತು ಓಡಿಸಿ ನೋಡುವುದು

ಟ್ರೇಲರ್ ಎಳೆಯುವವರ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಸಾಯುವುದು ಹೆಚ್ಚಾಗಿ ಬಿಸಿಯಿಂದ. ಅದರ ಎಣ್ಣೆಯ ಕಡ್ಡಿ ಇದ್ದರೆ ತೆಗೆದು ಮೂಸಿ. ಸಾಮಾನ್ಯವಾಗಿ ಕೆಂಪಗಿರಬೇಕು. ಕಂದು ಬಣ್ಣ, ಸುಟ್ಟ ವಾಸನೆ ಬಂದರೆ ಒಳಗೆ ಸವೆದಿದೆ. ಮುಂದಿನ ಗ್ರಿಲ್ ಹಿಂದೆ ಈ ಎಣ್ಣೆಗೆಂದೇ ಬೇರೆ ಕೂಲರ್ ಇದ್ದರೆ ಒಳ್ಳೆಯ ಗುರುತು. ಇಲ್ಲದಿದ್ದರೆ ಹಾಕಿಸುವ ಖರ್ಚನ್ನು ಈಗಲೇ ಬರೆದುಕೊಳ್ಳಿ. ಡ್ರೈವ್‌ಗೆ ಅಥವಾ ರಿವರ್ಸ್‌ಗೆ ಹಾಕಿದಾಗ ಎರಡು ಸೆಕೆಂಡು ತಡವರಿಸಿ ಧಡ್ ಎಂದು ಹಿಡಿದರೆ ಬೇಡ.

ಕ್ಲಚ್ ಇರುವ ವ್ಯಾನಾದರೆ ಏರಿನಲ್ಲಿ ಎತ್ತರದ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಬೀದಿಯ ಸುತ್ತ ಒಂದು ಸುತ್ತು ಹೊಡೆದರೆ ಓಡಿಸಿ ನೋಡಿದಂತಲ್ಲ. ಕನಿಷ್ಠ ಅರ್ಧ ಗಂಟೆ, ಒಂದಿಷ್ಟು ಹೆದ್ದಾರಿ, ಒಂದು ದೊಡ್ಡ ಏರು ಬೇಕು. ಏರಿನಲ್ಲಿ ತಾಪದ ಮುಳ್ಳು ಮೇಲೆ ಹೋಗುತ್ತದೆಯೇ ನೋಡಿ. ಖಾಲಿ ವ್ಯಾನೇ ಅಲ್ಲಿ ಬಿಸಿಯಾದರೆ ಟ್ರೇಲರ್ ಕಟ್ಟಿದ ಮೇಲೆ ಹೇಗೆ? ಜೋರಾಗಿ ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯಬಾರದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತಿ ಕಟಕಟ ಸದ್ದು ಬರುತ್ತದೆಯೇ ಕೇಳಿ. ರೇಡಿಯೋ ಹಾಕಿದ್ದರೆ ಆರಿಸಿ.

ಟಯರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಎಂದರೆ 2016ರ 23ನೇ ವಾರ ತಯಾರಾದದ್ದು. ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ ಹತ್ತು ವರ್ಷ ದಾಟಿದ ಟಯರ್ ಮೇಲೆ ಮನೆ ಹೊತ್ತು ಟ್ರೇಲರ್ ಎಳೆಯಬೇಡಿ. ಬದಲಿಸುವಾಗ ಅಷ್ಟು ತೂಕ ಹೊರುವ ದರ್ಜೆಯ ಟಯರ್ ಕೇಳಿ, ಕಾರಿನ ಟಯರ್ ಆಗದು.

ಅಮೆರಿಕದಲ್ಲಿ 1996ರಿಂದ ಈಚಿನ ಬಹಳಷ್ಟು ವಾಹನಗಳಲ್ಲಿ ಓಬಿಡಿ (ವಾಹನದ ದೋಷ ಓದುವ) ಸಾಕೆಟ್ ಇದೆ, ಬೇರೆ ದೇಶಗಳಲ್ಲಿ ಆಮೇಲೆ ಬಂತು. ಸಣ್ಣ ಸ್ಕ್ಯಾನರ್ ಚುಚ್ಚಿದರೆ ದೋಷದ ಕೋಡ್ ಸಿಗುತ್ತದೆ. ಕೋಡ್ ಒಂದೂ ಇಲ್ಲ, ಆದರೆ ಒಳಗಿನ ತಪಾಸಣೆಗಳೂ ಪೂರ್ತಿಯಾಗಿಲ್ಲ ಎಂದು ತೋರಿಸಿದರೆ, ಯಾರೋ ಮೊನ್ನೆ ತಾನೇ ಕೋಡ್ ಅಳಿಸಿರಬಹುದು. ಬ್ಯಾಟರಿ ಬಿಚ್ಚಿ ಹಾಕಿದರೂ ಹೀಗಾಗುತ್ತದೆ ಅನ್ನಿ.

ಇಷ್ಟೆಲ್ಲ ಪಾಸಾದರೆ, ಮಾರುವವರ ಪರಿಚಯದವರಲ್ಲದ ಒಬ್ಬ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ತೋರಿಸಿ. ಕಂಪ್ರೆಷನ್ ಪರೀಕ್ಷೆ, ಕೂಲಿಂಗ್ ವ್ಯವಸ್ಥೆಯ ಒತ್ತಡ ಪರೀಕ್ಷೆ, ಎರಡನ್ನೂ ಹೆಸರು ಹೇಳಿಯೇ ಕೇಳಿ. ಚಾಸಿ ನಂಬರ್ ಕಾಗದದಲ್ಲೂ ಲೋಹದಲ್ಲೂ ಒಂದೇ ಇದೆಯೇ, ಸಾಲ ಬಾಕಿ ಇದೆಯೇ ಎಂಬುದನ್ನು ಆ ದಿನವೇ ಮುಗಿಸಿ.

ದುಡ್ಡು ಪೂರ್ತಿ ಕೊಟ್ಟುಬಿಡಬೇಡಿ

ಕೈಯಲ್ಲಿರುವ ಹಣದಲ್ಲಿ ಕಾಲುಭಾಗವಾದರೂ ತೆಗೆದಿಡಿ. ಎಲ್ಲ ಆಯಿಲ್, ಕೂಲಂಟ್, ಬ್ರೇಕ್ ದ್ರವ, ಬೆಲ್ಟು, ರಬ್ಬರ್ ಪೈಪು, ಬೇಕಿದ್ದರೆ ಟಯರು, ಗೇರ್‌ಬಾಕ್ಸ್ ಕೂಲರ್, ಟ್ರೇಲರ್ ಬ್ರೇಕಿನ ಕಂಟ್ರೋಲರ್, ವೈರಿಂಗ್. ಮಂಚಕ್ಕೆ ಮರ ತರುವ ಮೊದಲು ಇವು ಆಗಬೇಕು.

ಇವು ಮುಗಿದ ಮೇಲೂ ಮರಗೆಲಸ ಶುರು ಮಾಡಬೇಡಿ. ಖಾಲಿ ವ್ಯಾನಿನಲ್ಲಿ ಒಂದು ಚಾಪೆ ಹಾಸಿಕೊಂಡು ನಾಲ್ಕು ರಾತ್ರಿ ಮಲಗಿ, ಅದರಲ್ಲಿ ಒಂದಾದರೂ ಜೋರು ಮಳೆಯ ರಾತ್ರಿ ಇರಲಿ. ಟಾರ್ಚ್ ಹಿಡಿದು ಚಾವಣಿಯ ಮೂಲೆ ಮೂಲೆ ನೋಡಿ, ನೀರು ಇಳಿದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಬೆಳಿಗ್ಗೆ ಮೊದಲ ಕೆಲಸ ಆ ಗುರುತುಗಳಿಗೆ ಸೀಲಂಟ್ ಹಾಕುವುದು.